ಮೊದಲ ನೀರು

ನಮ್ಮೂರಲ್ಲಿ ಕೊಡೆ ಇಲ್ಲದೆ ಯಾರೂ ಹೊಸಿಲು ದಾಟುವುದಿಲ್ಲ. ನಡುಬೇಸಿಗೆಯಲ್ಲೂ ಅಷ್ಟೇ. ಆಕಾಶದಲ್ಲಿ ಮೋಡ ಇರಲಿ ಬಿಡಲಿ, ಗಂಡಸರ ಕಂಕುಳಲ್ಲಿ ಒಂದು, ಹೆಂಗಸರ ಚೀಲದಲ್ಲಿ ಒಂದು ಇದ್ದೇ ಇರುತ್ತದೆ. ಉಟ್ಟ ಬಟ್ಟೆ ನೆನೆದರೆ ಮಾತಾಡುತ್ತದಲ್ಲ, ಅದಕ್ಕೆ. ಉಟ್ಟಾಗಿನಿಂದ ಉಟ್ಟವರು ಏನೇನು ಆಡಿದ್ದರೋ ಅದನ್ನೆಲ್ಲ ಅವರದೇ ದನಿಯಲ್ಲಿ, ಸಣ್ಣಗೆ, ಮೊದಲ ನೀರು ಬಿದ್ದ ತಕ್ಷಣ ಒದರಿಬಿಡುತ್ತದೆ. ಒಂದು ವರ್ಷ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ಕೊಡೆ ಮರೆತು ಪೇಟೆಬೀದಿಯಲ್ಲಿ ಮಳೆಗೆ ಸಿಕ್ಕಿಕೊಂಡರು. ಓಡಿಹೋಗಿ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತರೆ ಪಕ್ಕದಲ್ಲಿ ಶಾಲಾ ಇನ್‌ಸ್ಪೆಕ್ಟರು! ಅಂಗಿ ಸುಮ್ಮನಿರಬೇಕಲ್ಲ, "ಆ ಇನ್‌ಸ್ಪೆಕ್ಟರಿಗೆ ಕಾಗುಣಿತವೇ ಸರಿಯಾಗಿ ಬರಲ್ಲ" ಎಂದುಬಿಟ್ಟಿತು. ಪುಣ್ಯಕ್ಕೆ ಇನ್‌ಸ್ಪೆಕ್ಟರ ಪ್ಯಾಂಟೂ ನೆನೆದಿತ್ತು. ಅದೂ ಹೆಡ್‌ಮಾಸ್ಟರ ಬಗ್ಗೆ ಏನೋ ಅಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕು, ಕಾಫಿ ಕುಡಿದು ಮನೆಗೆ ಹೋದರಂತೆ.

ಇಂಥ ಊರಲ್ಲಿ ಬಟ್ಟೆ ಒಗೆಯುವವಳ ಕೆಲಸ ಎಂಥದ್ದು ಅಂತ ನೀವೇ ಯೋಚನೆ ಮಾಡಿ. ನಾನು ಮಂಚಮ್ಮ, ಕಾಲುವೆ ಪಕ್ಕದ ಮಡಿಕಟ್ಟೆಯವಳು. ಮದುವೆಯಾಗಿ ಬಂದ ಮೂರನೇ ದಿನ ನಮ್ಮತ್ತೆ ನನ್ನನ್ನು ಒಗೆಯೋ ಕಲ್ಲಿನ ಮುಂದೆ ನಿಲ್ಲಿಸಿ ಕಲಿಸಿದ ಮೊದಲ ಪಾಠ ಸೋಪಿನದಲ್ಲ, ಬಾಯಿಯದು. "ಮೊದಲ ನೀರಿಗೆ ಅದ್ದುವಾಗ ನಿನ್ನ ಬಾಯಿ ಸುಮ್ಮನಿರಬಾರದು ಕಣೇ. ಉಶ್ಶೋ ಅನ್ನು, ಪದ ಹೇಳು, ಕತ್ತೆಗೆ ಬೈಯಿ, ಏನಾದ್ರೂ ಮಾಡು. ಅವರ ಮಾತು ನೀರಿಗೆ ಹೋಗ್ಬೇಕು, ನಿನ್ನ ಕಿವಿಗಲ್ಲ." ಬೆಳಗಾದರೆ ನಮ್ಮ ಮಡಿಕಟ್ಟೆಯಲ್ಲಿ ಅಷ್ಟೊಂದು ಗದ್ದಲ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಇದಕ್ಕೇ. ಆದರೂ ಕಿವಿಗೇನು ಬಾಗಿಲಿದೆಯೇ? ಚೂರುಪಾರು ಬಿದ್ದೇ ಬೀಳುತ್ತದೆ. ಮೂವತ್ತೊಂದು ವರ್ಷ ಒಗೆದ ಮೇಲೆ ಊರಿನ ಒಬ್ಬೊಬ್ಬರ ದನಿಯೂ ನನಗೆ ನನ್ನ ಬೆರಳುಗಳಷ್ಟು ಗುರುತು. ಮಾತು ಶುರುವಾಗುವ ಮುಂಚಿನ ಉಸಿರು ಕೇಳಿದರೆ ಸಾಕು, ಯಾರದೆಂದು ಹೇಳಬಲ್ಲೆ. ಏನಂದರು ಎಂದು ಕೇಳಿದರೆ ಮಾತ್ರ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಗೊತ್ತಿಲ್ಲ. ಬಿಸಿಲಿಗೆ ಹರವಿದ ಮೇಲೆ ಬಟ್ಟೆ ಮೂಕವಾಗುತ್ತದೆ, ಅಲ್ಲಿಗೆ ಮುಗಿಯಿತು.

ಜನ ಇದಕ್ಕೆಲ್ಲ ಹೊಂದಿಕೊಂಡಿದ್ದರು. ಅತ್ತೆ ಸೊಸೆ ಜಗಳ ಆಡಬೇಕೆಂದಿದ್ದರೆ ಹಳೇ ಸೀರೆ ಉಟ್ಟು ಆಡುತ್ತಿದ್ದರು, ಆಮೇಲೆ ತಾವೇ ಹಿತ್ತಲಲ್ಲಿ ಜಾಲಿಸಿಕೊಳ್ಳುತ್ತಿದ್ದರು. ಸಂಬಂಧ ಕುದುರಿಸುವ ಗಂಡಸರು ಬರೀ ಪಂಚೆ ಉಟ್ಟು, ಬರಿಮೈಯಲ್ಲಿ ಕೂರುತ್ತಿದ್ದರು. ಎಷ್ಟು ಕಡಿಮೆ ಬಟ್ಟೆಯೋ ಅಷ್ಟು ಕಡಿಮೆ ಸಾಕ್ಷಿ. ಮಿಕ್ಕದ್ದೆಲ್ಲ ನಮ್ಮ ಕೈಗೆ ಬರುತ್ತಿತ್ತು.

ಹೀಗಿದ್ದ ಊರಿಗೆ ಧವಳ ಕಂಪನಿ ಬಂತು. ಎಲ್ಲಿಂದ ಬಂತೆಂದು ಯಾರಿಗೂ ಸರಿಯಾಗಿ ತಿಳಿಯದು. ದೊಡ್ಡದು, ಹತ್ತಾರು ದೇಶಗಳಲ್ಲಿ ಇದೆ ಅಂದರು. ಹಳೇ ಎಣ್ಣೆ ಮಿಲ್ಲಿನ ಜಾಗಕ್ಕೆ ಬಿಳೀ ಬಣ್ಣ ಬಳಿಸಿ, ಯಂತ್ರಗಳನ್ನು ಇಳಿಸಿ, ಪ್ರತಿ ಮನೆಯ ಗೇಟಿಗೂ ಒಂದೊಂದು ಬಿಳೀ ಪೆಟ್ಟಿಗೆ ನೇತುಹಾಕಿದರು. ಬೆಳಿಗ್ಗೆ ಅದರೊಳಗೆ ಬಟ್ಟೆ ಹಾಕಿದರೆ ಸಂಜೆಗೆ ಮಲ್ಲಿಗೆ ವಾಸನೆ ಹೊಡೆಯುತ್ತ, ಇಸ್ತ್ರಿಯಾಗಿ, ಮಡಿಸಿಕೊಂಡು ವಾಪಸು ಬರುತ್ತಿತ್ತು. ಪೂರಾ ಬಿಟ್ಟಿ. ಮೊದಲ ದಿನ ಒಂದು ದಪ್ಪ ಕಾಗದದ ಕಟ್ಟು ಕೊಟ್ಟು, ಕೊನೇ ಹಾಳೆಯಲ್ಲಿ ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಂಡರು. ಪ್ರತಿ ಬಟ್ಟೆಯ ಕತ್ತುಪಟ್ಟಿಗೋ ಅಂಚಿಗೋ ನಂಬರು ಹೊಲಿದರು, ಒಬ್ಬೊಬ್ಬರಿಗೆ ಒಂದೊಂದು. ಯಂತ್ರ ಒಗೆಯೋದಲ್ವಾ, ಯಂತ್ರಕ್ಕೆಲ್ಲಿ ಕಿವಿ ಅಂತ ಜನರಿಗೂ ಸಮಾಧಾನ. ನಿಜ ಹೇಳಬೇಕೆಂದರೆ ಕೆಲವರಿಗೆ ನಮ್ಮಿಂದ ತಪ್ಪಿಸಿಕೊಂಡ ಹಾಗಾಗಿತ್ತು. ಎಷ್ಟೇ ನಂಬಿಕೆ ಇದ್ದರೂ, ಬೀದಿಯಲ್ಲಿ ಎದುರಿಗೆ ಸಿಗುವ ಹೆಂಗಸು ತಮ್ಮ ಮಾತು ಕೇಳಿರಬಹುದು ಅನ್ನುವ ಮುಜುಗರ ಇರುತ್ತದಲ್ಲ. ಅವರನ್ನು ನಾನು ತಪ್ಪು ಅನ್ನುವುದಿಲ್ಲ.

ಎರಡು ತಿಂಗಳಲ್ಲಿ ಮಡಿಕಟ್ಟೆಯ ಗದ್ದಲ ಅಡಗಿತು. ನನ್ನ ಗಂಡ ಕೆಂಪಯ್ಯ ಕಂಪನಿಯ ವ್ಯಾನು ಓಡಿಸಲು ಸೇರಿಕೊಂಡ. ಅವನು ನನ್ನ ಸೋದರಮಾವನ ಮಗ, ಚಿಕ್ಕಂದಿನಿಂದ ಒಟ್ಟಿಗೆ ಆಡಿದವರು, ನಮ್ಮಲ್ಲಿ ಬಹುವಚನ ಇಲ್ಲ. "ನೀನೂ ಬಾರೇ, ಮಡಿಸೋ ಕಡೆ ಹೆಂಗಸರು ಬೇಕಂತೆ" ಅಂದ. "ನನ್ನ ಕೈಗೆ ಒದ್ದೆ ಬಟ್ಟೆ ಬೇಕು, ಒಣ ಬಟ್ಟೆ ಏನು ಮಾಡ್ಲಿ?" ಅಂದೆ. ಅವನು ನಕ್ಕು ವ್ಯಾನು ಹತ್ತಿದ. ನಾನು ಮನೆಯಲ್ಲಿ ಕೂತು ಹಪ್ಪಳ ಒತ್ತಿದೆ.

ಆಮೇಲೆ ಒಗೆದು ಬಂದ ಬಟ್ಟೆಯ ಜೊತೆ ಚೀಟಿಗಳು ಬರಲು ಶುರುವಾದವು. ಬಣ್ಣಬಣ್ಣದ ಚೀಟಿ. ಮಂಡಿನೋವಿನವರ ಸೀರೆಯಲ್ಲಿ ಮಂಡಿಗೆ ಹಚ್ಚುವ ಎಣ್ಣೆಯದು. ಮನೆ ಕಟ್ಟಬೇಕೆಂದಿದ್ದವರ ಪಂಚೆಯಲ್ಲಿ ಸಿಮೆಂಟಿನದು. ಜನಕ್ಕೆ ಖುಷಿಯೋ ಖುಷಿ. "ನೋಡೇ, ನೆನಸಿಕೊಂಡಿದ್ದೇ ಸಿಕ್ತು!" ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಆ ಚೀಟಿ ನೋಡಿ ನನಗೆ ಮೊದಲ ನೀರು ಎಲ್ಲಿಗೆ ಹೋಗುತ್ತಿದೆ ಅಂತ ಅನುಮಾನ ಬಂತು. ಆದರೆ ಕೆಲಸ ಹೋದವಳು ಹೇಳಿದರೆ ಹೊಟ್ಟೆಕಿಚ್ಚು ಅಂದಾರು. ಹಪ್ಪಳ ಒತ್ತುತ್ತ ಕೂತೆ.

ಒಂದು ಮಧ್ಯಾಹ್ನ ದಾದಾಪೀರ್ ಸಾಬರು ನಮ್ಮ ಮನೆಗೆ ಬಂದರು. ಪೇಟೆಬೀದಿಯಲ್ಲಿ ಕೊಡೆ ರಿಪೇರಿ ಅಂಗಡಿ ಅವರದು. ಊರಿನ ಯಾವ ಕೊಡೆಯ ಕಡ್ಡಿ ಯಾವಾಗ ಮುರಿದಿದೆ ಎಂದು ಬಲ್ಲವರು. ಮೆತ್ತಗಿನ ಮನುಷ್ಯ. ಅವರ ಹೆಂಡತಿ ಜೈತುನ್‌ಬಿ ತೀರಿಕೊಂಡು ಐವತ್ತು ದಿನವಾಗಿತ್ತು. ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಳು, ಪಾಪ. ಆ ನಾಲ್ಕು ತಿಂಗಳೂ ಇವರೇ ಅಡುಗೆ, ಇವರೇ ಔಷಧಿ. ಬಟ್ಟೆ ಮಾತ್ರ ಕಂಪನಿಯ ಪೆಟ್ಟಿಗೆಗೆ ಹೋಗುತ್ತಿತ್ತು.

ಸಾಬರು ಜಗಲಿಯ ಮೇಲೆ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಇಟ್ಟರು.

"ಓದು ತಂಗಿ."

ನಾನು ಅಕ್ಷರ ಕೂಡಿಸಿಕೊಂಡು ಓದಿದೆ. "ಛತ್ರೀ ನವಾಬರೇ, ಒಬ್ಬರೇ ಚಹಾ ಕುಡಿಯುವುದು ಬೇಜಾರಲ್ಲವೇ? ಒಂದು ಲೋಟದ ಚಹಾ ಯಂತ್ರ ನಿಮಗಾಗಿಯೇ." ಪಕ್ಕದಲ್ಲಿ ಒಂದು ಕೆಂಪು ಯಂತ್ರದ ಚಿತ್ರ.

"ಛತ್ರೀ ನವಾಬ ಯಾರು ಸಾಬ್ರೇ?"

"ನಾನು" ಅಂದರು. "ಮದುವೆಯಾದ ವಾರಕ್ಕೆ ಅವಳು ಇಟ್ಟ ಹೆಸರು. ಬಾಗಿಲು ಹಾಕಿದ ಮೇಲೆ ಮಾತ್ರ ಕರೆಯೋಳು. ನನ್ನ ಮಕ್ಕಳಿಗೂ ಗೊತ್ತಿಲ್ಲ. ನಲವತ್ತು ವರ್ಷ ತಂಗಿ. ಈ ಲೋಕದಲ್ಲಿ ಆ ಹೆಸರು ಗೊತ್ತಿದ್ದೋರು ಇಬ್ಬರೇ, ಅದರಲ್ಲಿ ಒಬ್ಬಳು ಹೋದಳು. ಇದನ್ನ ಬರೆದೋನು ಯಾರು?"

ಸಾಬರು ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡು, ಅದೇನೋ ಗಾಯದ ಹಾಗೆ ಹೆಬ್ಬೆರಳಿನಿಂದ ಮುಚ್ಚಿ ಹಿಡಿದರು. "ಓದಿದ ತಕ್ಷಣ ಅವಳೇ ಕರೆದಳು ಅಂದ್ಕೊಂಡೆ. ಹಿಂದೆ ತಿರುಗಿ ನೋಡಿದೆ ಕೂಡ" ಅಂದರು. ಅಷ್ಟು ಹೇಳಿ, ಮುಖ ಆ ಕಡೆ ತಿರುಗಿಸಿಕೊಂಡರು.

ನನ್ನ ಹಪ್ಪಳದ ಹಿಟ್ಟು ಒಣಗುತ್ತಿತ್ತು. ಒಣಗಲಿ ಅಂತ ಬಿಟ್ಟು ಎದ್ದೆ. ಸಾಬರನ್ನು ಕರೆದುಕೊಂಡು ನೇರ ಕಾತ್ಯಾಯಿನಿ ಟೀಚರ ಮನೆಗೆ ಹೋದೆ. ನಿವೃತ್ತರಾಗಿ ಆರು ವರ್ಷವಾಗಿದ್ದರೂ ದಿನಪತ್ರಿಕೆಯಲ್ಲಿ ತಪ್ಪು ಕಂಡರೆ ಕೆಂಪು ಪೆನ್ನಿನಿಂದ ಗುರುತು ಮಾಡುವವರು ಅವರು. ಚೀಟಿ ನೋಡಿದರು, ವಿಷಯ ಕೇಳಿದರು, ಸಾಬರ ಮುಖ ನೋಡಿದರು. ಅಟ್ಟದಿಂದ ಕಂಪನಿಯ ಆ ದಪ್ಪ ಕಾಗದದ ಕಟ್ಟು ಇಳಿಸಿ ಧೂಳು ಕೊಡವಿದರು.

"ನಾನೂ ಓದದೆ ಸಹಿ ಹಾಕಿದ್ದೆ ಮಂಚಮ್ಮ. ಮೂವತ್ತು ವರ್ಷ ಮಕ್ಕಳಿಗೆ ಪೂರ್ತಿ ಓದಿ ಉತ್ತರ ಬರೀರಿ ಅಂತ ಬೈದೋಳು ನಾನು. ನಾಚಿಕೆಯಾಗ್ಬೇಕು."

ಮೂರು ದಿನ ಓದಿದರು. ಮೂರನೇ ದಿನ ಹೇಳಿ ಕಳಿಸಿದರು. ಪ್ಯಾಂಟು ಹೇಗೆ ಮಡಿಸಬೇಕು, ಗುಂಡಿ ಉದುರಿದರೆ ಯಾರು ಹೊಣೆ ಅನ್ನುವ ಹಾಳೆಗಳ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ಸಂಗತಿ ಇದ್ದವು. ಒಂದು, ಬಟ್ಟೆಯ ಮೊದಲ ನೀರು ಕಂಪನಿಗೆ ಸೇರಿದ್ದು, ಅದನ್ನು ಜಾಡಿಗಳಲ್ಲಿ ಇಡಲಾಗುವುದು. ಎರಡು, ಬಟ್ಟೆಯ ವಾರಸುದಾರರು ಬಯಸಿ ಕೇಳಿದಲ್ಲಿ ಅವರ ನೀರನ್ನೂ ಆ ನೀರಿನಿಂದ ಬರೆದುಕೊಂಡದ್ದನ್ನೂ ಅವರಿಗೆ ಒಪ್ಪಿಸತಕ್ಕದ್ದು. ನೀರನ್ನು ಅವರಾಗಲಿ, ಅವರು ನೇಮಿಸಿದವರಾಗಲಿ ಗುರುತಿಸತಕ್ಕದ್ದು.

"ಕೇಳಿದರೆ ಕೊಡಬೇಕು" ಅಂದರು ಟೀಚರು, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು. "ಯಾರೂ ಕೇಳಲ್ಲ ಅಂತ ಬರೆದಿದ್ದಾರೆ, ಅಷ್ಟೇ."

ಮಾರನೇ ಬೆಳಿಗ್ಗೆ ನಾವು ಮೂವರೂ ಎಣ್ಣೆ ಮಿಲ್ಲಿಗೆ ಹೋದೆವು. ಮ್ಯಾನೇಜರು ಶ್ರೀವತ್ಸ ಅಂತ, ಇನ್ನೂ ಮೂವತ್ತು ದಾಟದ ಹುಡುಗ, ಒಳ್ಳೇ ನಡತೆಯವನು. ಎದ್ದು ನಿಂತು ಕುರ್ಚಿ ಕೊಟ್ಟ. ಟೀಚರು ಹಾಳೆ ತೋರಿಸಿದರು. ಅವನು ಓದಿ, "ಇಂಥದ್ದೊಂದು ಇದೆ ಅಂತ ನನಗೂ ಗೊತ್ತಿರಲಿಲ್ಲ ಮೇಡಂ" ಅಂದ. ಸುಳ್ಳು ಹೇಳಿದ ಹಾಗೆ ಕಾಣಲಿಲ್ಲ.

"ನೀವು ಜನರ ಮಾತು ಕೇಳ್ತೀರಾ?" ಎಂದು ಸಾಬರು ಕೇಳಿದರು.

"ಇಲ್ಲ ಇಲ್ಲ, ಕೇಳಲ್ಲ ಯಜಮಾನರೇ. ಬರೆದುಕೊಳ್ತೀವಿ ಅಷ್ಟೇ. ಅದೂ ಹೆಸರು ಹಾಕಲ್ಲ. ಬರೀ ನಂಬರು. ಯಾವ ನಂಬರು ಯಾರದು ಅಂತ ನಮ್ಮಲ್ಲಿ ಯಾರಿಗೂ ಗೊತ್ತಾಗಲ್ಲ, ಅಷ್ಟು ಭದ್ರ."

"ಹಾಗಾದರೆ ಇವರ ಜುಬ್ಬಾದೊಳಗೆ ಇಟ್ಟ ಚೀಟಿಯಲ್ಲಿ ಇವರ ಹೆಂಡತಿ ಕರೆಯೋ ಹೆಸರು ಹೇಗೆ ಬಂತಪ್ಪಾ?" ಅಂದರು ಟೀಚರು. ತರಗತಿಯಲ್ಲಿ ಹಿಂದಿನ ಬೆಂಚಿನವನನ್ನು ಎಬ್ಬಿಸಿ ಕೇಳುವ ದನಿ.

ಶ್ರೀವತ್ಸ ಚೀಟಿ ನೋಡಿದ. ಅವನ ಕಿವಿ ಕೆಂಪಾಯಿತು. "ಇದು ಮೇಲಿನಿಂದ ಬರುತ್ತೆ" ಅಂದ. ಆಮೇಲೆ ಮೆಲ್ಲಗೆ, "ನಿಮ್ಮ ನೀರು ನೀವು ಗುರುತಿಸಿದರೆ ನಾನು ಕೊಡಲೇಬೇಕು. ಆದರೆ ಇಲ್ಲಿ ಹೆಸರಿಲ್ಲವಲ್ಲ. ಸಾವಿರದ ಇನ್ನೂರು ಜಾಡಿ ಇದೆ. ನೀರು ಅಲ್ಲಾಡಿದರೆ ಮಾತಾಡುತ್ತೆ, ನೀವು ಕೂತು ಒಂದೊಂದೇ ಅಲ್ಲಾಡಿಸಿ ಕೇಳಬೇಕಾಗುತ್ತೆ. ಅಂದರೆ ಬೇರೆ ಎಲ್ಲರದ್ದೂ" ಅಂದ.

ಅದೇ ತೊಡಕು. ಒಬ್ಬರು ತಮ್ಮ ಮಾತು ಬಿಡಿಸಿಕೊಳ್ಳಬೇಕಾದರೆ ಊರಿನವರ ಮಾತೆಲ್ಲ ಕೇಳಬೇಕು. ಸಾಬರು ತಲೆ ಅಲ್ಲಾಡಿಸಿ ಎದ್ದರು. "ನನ್ನ ಹೆಂಡತಿಗಾಗಿ ಬೇರೆಯವರ ಹೆಂಡತಿ ಮಾತು ಕೇಳಲಾರೆ" ಅಂದರು. ಬಾಗಿಲವರೆಗೆ ಹೋದವರು ನಿಂತು ನನ್ನ ಕಡೆ ತಿರುಗಿದರು. ಟೀಚರೂ ತಿರುಗಿದರು. ಇಬ್ಬರಿಗೂ ಒಂದೇ ಸಲ ಹೊಳೆದಿತ್ತು.

"ಉಸಿರಲ್ಲೇ ಗುರುತು ಹಿಡೀತೀಯಲ್ಲೇ ನೀನು" ಅಂದರು ಟೀಚರು.

ಹಿಡಿಯುತ್ತೇನೆ, ನಿಜ. ಆದರೆ ಊರಿನವರು ಒಪ್ಪಬೇಕಲ್ಲ. ಭಾನುವಾರ ಸಾಬರ ಅಂಗಡಿಯ ಮುಂದೆ ಜನ ಸೇರಿದರು. ಟೀಚರು ಕಾಗದದಲ್ಲಿದ್ದದ್ದನ್ನು ಓದಿ ಹೇಳಿದರು. ಕೆಲವರು ಬೆಚ್ಚಿದರು. ಬಹಳಷ್ಟು ಜನ ಭುಜ ಹಾರಿಸಿದರು. ಕಿರಾಣಿ ಅಂಗಡಿಯ ಬೋರಲಿಂಗಪ್ಪ, "ಅಯ್ಯೋ ಇರಲಿ ಬಿಡ್ರೀ, ನಮ್ಮಲ್ಲಿ ಮುಚ್ಚಿಡೋಂಥದ್ದು ಏನಿದೆ? ಬೇಳೆ ರೇಟು ಕೇಳಿಸಿಕೊಂಡು ಏನು ಮಾಡ್ತಾರೆ?" ಅಂದ. ಎಲ್ಲರೂ ನಕ್ಕರು.

ಸಾಬರು ಅಂಗಡಿಯೊಳಗೆ ಒಂದು ಕೊಡೆಗೆ ಬಟ್ಟೆ ಹೊಲಿಯುತ್ತ ಕೂತಿದ್ದರು. ಸೂಜಿ ನಿಲ್ಲಿಸದೆ, "ನನ್ನಲ್ಲೂ ಮುಚ್ಚಿಡೋಂಥದ್ದು ಏನೂ ಇರಲಿಲ್ಲ ಬೋರಲಿಂಗಪ್ಪಣ್ಣ. ನನ್ನದು ಅಂತ ಇತ್ತು, ಅಷ್ಟೇ" ಅಂದರು.

ನಗು ನಿಂತಿತು. ಆದರೂ ಯಾರೂ ಮುಂದೆ ಬರಲಿಲ್ಲ. ಬಿಟ್ಟಿ ಒಗೆತ, ಮಲ್ಲಿಗೆ ವಾಸನೆ, ಸಂಜೆಗೆ ಇಸ್ತ್ರಿ. ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಆಗ ಗುಂಪಿನ ಹಿಂದಿನಿಂದ ನನ್ನ ಗಂಡನ ದನಿ ಕೇಳಿಸಿತು. ಕೆಂಪಯ್ಯ ನಾಲ್ಕು ಜನರ ಮುಂದೆ ಮಾತಾಡಿದವನೇ ಅಲ್ಲ. ಕಂಪನಿಯ ಬಿಳೀ ಅಂಗಿಯಲ್ಲೇ ಬಂದಿದ್ದ. ಕತ್ತು ಬಗ್ಗಿಸಿ, ನೆಲ ನೋಡಿಕೊಂಡೇ ಹೇಳಿದ.

"ಒಂದು ಮಾತು. ನಾನು ಊರಿನ ಎಲ್ಲಾ ಮನೆ ಬಟ್ಟೆ ವ್ಯಾನಲ್ಲಿ ತರ್ತೀನಿ. ಮ್ಯಾನೇಜರ ಬಟ್ಟೆ ಒಂದಿನವೂ ತಂದಿಲ್ಲ. ಅವರು, ಅವರ ಜೊತೆ ಬಂದ ಆರು ಜನ, ತಮ್ಮ ಬಟ್ಟೆ ಗಂಟು ಕಟ್ಟಿ ಪ್ರತಿ ಶುಕ್ರವಾರ ಬಸ್ಸಿಗೆ ಹಾಕಿ ಅವರವರ ಊರಿಗೆ ಕಳಿಸ್ತಾರೆ. ಯಾಕೆ ಸಾರ್ ಅಂತ ಕೇಳಿದೆ. ಅಮ್ಮ ಒಗೆದರೇ ಸರಿ ಅಂದರು."

ಬೋರಲಿಂಗಪ್ಪ ತನ್ನ ಅಂಗಿಯ ಕತ್ತುಪಟ್ಟಿಗೆ ಕೈ ಹಾಕಿ ನಂಬರನ್ನು ಮುಟ್ಟಿಕೊಂಡ. ಮುಖ ಸಣ್ಣದಾಗಿತ್ತು. "ನನ್ನ ಪರವಾಗಿ ಮಂಚಮ್ಮನೇ ಹೋಗ್ಲಿ" ಅಂದ. "ಬರೆದುಕೊಳ್ರೀ ಟೀಚರೇ." ಆಮೇಲೆ ಸಾಲು ನಿಂತಿತು. ಸಂಜೆಯವರೆಗೆ ಟೀಚರು ಹೆಸರು ಬರೆದರು. ಅಂದು ಮನೆಗೆ ಬಂದ ಮೇಲೆ ಕೆಂಪಯ್ಯ ಕಂಪನಿಯ ಅಂಗಿ ಕಳಚಿ ಗೂಟಕ್ಕೆ ಸಿಕ್ಕಿಸಿ, "ನಾಳೆ ವ್ಯಾನಿನ ಬೀಗದ ಕೈ ಕೊಟ್ಟುಬರ್ತೀನಿ" ಅಂದ. "ಕೊಡು" ಅಂದೆ.

ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ ನಾನು ಹನ್ನೊಂದು ದಿನ ಕೆಲಸ ಮಾಡಿದೆ. ಎದೆಮಟ್ಟದ ಕಪಾಟುಗಳು, ಅವುಗಳ ತುಂಬ ಗಾಜಿನ ಜಾಡಿಗಳು, ಒಂದೊಂದರ ಮೇಲೂ ನಂಬರು. ಆರು ಹುಡುಗರು ಜಾಡಿ ಅಲ್ಲಾಡಿಸಿ ಕಿವಿಗೊಟ್ಟು ಬರೆಯುತ್ತಿದ್ದ ಮೇಜು ಈಗ ಖಾಲಿ ಇತ್ತು. ನಾನು ಒಂದು ಜಾಡಿ ತೆಗೆದುಕೊಂಡು ಮೆಲ್ಲಗೆ ಓಲಾಡಿಸುವುದು, ಉಸಿರು ಬಂದ ತಕ್ಷಣ ಮುಚ್ಚಳ ಒತ್ತಿ ಹೆಸರು ಹೇಳುವುದು. ಬಾಗಿಲಲ್ಲಿ ಟೀಚರು ಹೆಸರಿಗೆ ಗುರುತು ಹಾಕಿಕೊಂಡು ವಾರಸುದಾರರನ್ನು ಕರೆಯುವುದು. ಅವರು ಬಂದು ತಮ್ಮ ಜಾಡಿಯನ್ನು ಎದೆಗವಚಿಕೊಂಡು ಕಾಲುವೆಗೆ ಹೋಗಿ ಸುರಿದು ಬರುವುದು. ಬರೆದಿಟ್ಟ ಹಾಳೆಗಳನ್ನು ನಮ್ಮ ಮಡಿಕಟ್ಟೆಗೆ ತಂದು ಉಬ್ಬೆಯ ಒಲೆಗೆ ಹಾಕಿದೆವು. ಬಟ್ಟೆ ಬೇಯಿಸುವ ಹಂಡೆಗೆ ಅಷ್ಟು ಚೆನ್ನಾಗಿ ಕಾವು ಹಿಡಿದದ್ದು ನಾನು ಕಾಣೆ.

ಮೊದಲ ದಿನ ಭಯವಿತ್ತು, ತಪ್ಪಿದರೆ ಏನು ಗತಿ ಅಂತ. ಮೂರನೇ ದಿನಕ್ಕೆ ಕೈ ಪಳಗಿತು. ಬೋರಲಿಂಗಪ್ಪನದು ಮೂಗಿನಲ್ಲಿ ಸಣ್ಣ ಸೀಟಿ. ಹೆಡ್‌ಮಾಸ್ಟರದು ಮೊದಲು ಗಂಟಲು ಸರಿಮಾಡಿಕೊಳ್ಳುವ ಕೆಮ್ಮು. ಅವಳಿಜವಳಿ ಅಕ್ಕತಂಗಿಯರಿಬ್ಬರದು ಮಾತ್ರ ಒಂದೇ ಉಸಿರು; ಅವರಿಬ್ಬರನ್ನೂ ಒಟ್ಟಿಗೆ ಕರೆಸಿ ಎರಡೂ ಜಾಡಿ ಒಟ್ಟಿಗೆ ಕೊಟ್ಟೆ, ನೀವೇ ಹಂಚಿಕೊಳ್ಳಿ ಅಂತ. ಶ್ರೀವತ್ಸ ದಿನವೂ ಬಂದು ನೋಡುತ್ತಿದ್ದ. ಐದನೇ ದಿನ, "ಅಮ್ಮಾ, ನಿಮ್ಮಂಥ ಕಿವಿ ನಮ್ಮ ಕಂಪನಿಯಲ್ಲಿ ಯಾರಿಗೂ ಇಲ್ಲ. ಮೇಲಿನವರಿಗೆ ಹೇಳಿದರೆ ನಿಮ್ಮನ್ನ ಎಲ್ಲೋ ಕೂರಿಸ್ತಾರೆ" ಅಂದ. "ನನಗೆ ಕೂತು ಅಭ್ಯಾಸ ಇಲ್ಲಪ್ಪ, ಬಗ್ಗಿ ಅಭ್ಯಾಸ" ಅಂದೆ. ಅವನು ನಕ್ಕ. ಆಮೇಲೆ, ಯಾರೂ ಕೇಳದಿದ್ದರೂ, ಈಗಾಗಲೇ ಮೇಲಕ್ಕೆ ಹೋದ ಹಾಳೆಗಳೂ ಇವೆ, ಅವು ತನ್ನ ಕೈಯಲ್ಲಿಲ್ಲ ಅಂದ. ಅದನ್ನು ಟೀಚರು ಊರಿಗೆಲ್ಲ ಇದ್ದ ಹಾಗೆ ತಿಳಿಸಿದರು. ಹೋದದ್ದಕ್ಕೆ ಕಾಗದ ಬರೆದು ಕೇಳುತ್ತಲೇ ಇದ್ದಾರೆ, ಇವತ್ತಿಗೂ.

ಜೈತುನ್‌ಬಿಯ ಜಾಡಿ ಸಿಕ್ಕಿದ್ದು ಒಂಬತ್ತನೇ ದಿನ. ಒಳಗೆಳೆದುಕೊಂಡ ಉಸಿರಲ್ಲೇ ಅರ್ಧ ನಗು ಇರುತ್ತಿತ್ತು ಅವಳಿಗೆ, ಕಾಯಿಲೆಯಲ್ಲೂ ಅದು ಹೋಗಿರಲಿಲ್ಲ. ಮುಚ್ಚಳ ಒತ್ತಿ ಹಿಡಿದು ಹೆಸರು ಹೇಳಿದೆ. ಸಾಬರಿಗೆ ಹೇಳಿ ಕಳಿಸಿದೆವು.

ಅವರು ಬರುವಷ್ಟರಲ್ಲಿ ಶ್ರೀವತ್ಸನೂ ಬಂದಿದ್ದ. ಅವನ ಕೈಯಲ್ಲಿ ಒಂದು ಕಾಗದ. ಮೇಲಿನಿಂದ ಬಂದದ್ದಂತೆ. ಸಾಬರು ಒಪ್ಪಿ ಸಹಿ ಹಾಕಿದರೆ ಕಂಪನಿಯವರು ಆ ಜಾಡಿಯನ್ನು ಕೆಡದ ಹಾಗೆ, ಆರದ ಹಾಗೆ ಎಷ್ಟು ವರ್ಷ ಬೇಕಾದರೂ ಕಾಪಾಡುತ್ತಾರೆ. ಸಾಬರು ಬೇಕೆಂದಾಗ ಬಂದು ಕೇಳಬಹುದು. ಮನೆಗೆ ಒಯ್ದರೆ, ಕಂಪನಿಯ ಆರೈಕೆ ಇಲ್ಲದೆ, ಗಾಜಿನಲ್ಲಿ ಮಾತು ಒಂದು ತಿಂಗಳೂ ನಿಲ್ಲುವುದಿಲ್ಲ.

"ನಾನು ಹೇಳಬೇಕು, ಅದಕ್ಕೆ ಹೇಳಿದೆ ಯಜಮಾನರೇ" ಅಂದ ಹುಡುಗ. ಅವನಿಗೇ ಆ ಕಾಗದ ಹಿಡಿಯಲು ಇಷ್ಟವಿರಲಿಲ್ಲ.

ಸಾಬರು ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಟೀಚರು ಕನ್ನಡಕ ತೆಗೆದು ಒರೆಸುತ್ತ ನಿಂತರು. ನಾನು ಮನಸ್ಸಿನಲ್ಲಿ, ಇಟ್ಟುಕೊಂಡರೆ ಇಟ್ಟುಕೊಳ್ಳಲಿ, ಯಾರು ಏನೆನ್ನಲು ಸಾಧ್ಯ ಅಂದುಕೊಂಡೆ. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

"ನಾನು ಬಂದು ಕೇಳುವಾಗ ಇಲ್ಲಿ ಬೇರೆ ಯಾರಾದ್ರೂ ಇರ್ತಾರಾ?" ಎಂದು ಕೇಳಿದರು ಸಾಬರು.

"ಒಬ್ಬರು ಇರಬೇಕಾಗುತ್ತೆ. ಜಾಡಿ ತೆಗೆದುಕೊಡೋಕೆ."

ಸಾಬರು ತಲೆದೂಗಿದರು. "ಅವಳಿಗೆ ಬಾಗಿಲು ಹಾಕದೆ ಮಾತಾಡಿ ಅಭ್ಯಾಸ ಇಲ್ಲ" ಅಂದರು. ಕಾಗದವನ್ನು ಮೆತ್ತಗೆ ಹಿಂದಕ್ಕೆ ಸರಿಸಿದರು. "ಬಾ ತಂಗಿ."

ಕಾಲುವೆಯ ಮೆಟ್ಟಿಲಿಗೆ ನಾವಿಬ್ಬರೇ ಹೋದೆವು. ಬಿಸಿಲು ಏರಿತ್ತು. ಆಚೆ ದಡದಲ್ಲಿ ನಮ್ಮವರು ಮತ್ತೆ ಬರತೊಡಗಿದ್ದ ಬಟ್ಟೆ ಕುಕ್ಕುತ್ತಿದ್ದರು, ಆ ಸದ್ದೆಲ್ಲ ನೀರಿನ ಮೇಲೆ ಬರುತ್ತಿತ್ತು. ಸಾಬರು ಮೊಣಕಾಲು ಊರಿ ಕೂತರು. ನಾನು ಹಿಂದೆ ಸರಿದು, ಅಭ್ಯಾಸಬಲದಿಂದ ಉಶ್ಶೋ ಅನ್ನಲು ಬಾಯಿ ತೆರೆದೆ. ಅವರು ತಿರುಗಿ ನೋಡಿ, "ಬೇಡ ತಂಗಿ, ಇವತ್ತು ಸುಮ್ಮನಿರು. ನೀನು ಅವಳಿಗೆ ಹೊರಗಿನವಳಲ್ಲ" ಅಂದರು.

ಮುಚ್ಚಳ ತೆಗೆದು ನಿಧಾನವಾಗಿ, ಸಣ್ಣ ಧಾರೆಯಾಗಿ ಸುರಿದರು. ಜೈತುನ್‌ಬಿ ಮಾತಾಡಿದಳು. ನಾಲ್ಕು ತಿಂಗಳ ಮಾತು ಒಂದು ಜಾಡಿ ನೀರಿನಲ್ಲಿ ಎಷ್ಟು ಹೊತ್ತು ಬಂದೀತು? ಒಂದು ಚಹಾ ಕುಡಿಯುವಷ್ಟು ಹೊತ್ತು ಬಂತು. ಸಾಬರು ಒಂದು ಕಡೆ ನಕ್ಕರು. ಒಂದು ಕಡೆ "ಹೂಂ" ಅಂದರು, ಪಕ್ಕದಲ್ಲಿ ಕೂತವರಿಗೆ ಅನ್ನುವ ಹಾಗೆ. ಅವಳು ಏನಂದಳು ಎಂದು ನಿಮಗೆ ಅನ್ನಿಸುತ್ತಿರಬಹುದು. ನಾನು ಹೇಳುವುದಿಲ್ಲ. ಸುರಿದಾದ ಮೇಲೆ ಸಾಬರು ಜಾಡಿಯನ್ನು ಕಾಲುವೆಯ ನೀರಿನಲ್ಲಿ ಎರಡು ಸಲ ತೊಳೆದು, ಬೋರಲು ಹಾಕಿ, ಮುಖ ತೊಳೆದುಕೊಂಡರು. ಎದ್ದಾಗ ಅವರ ಮುಖದಲ್ಲಿ ಬಹಳ ದಿನದ ಮೇಲೆ ನಿದ್ದೆ ಮಾಡಿ ಎದ್ದವರ ಕಳೆ ಇತ್ತು.

"ಹಸಿವಾಗ್ತಿದೆ ತಂಗಿ" ಅಂದರು. ಮಡಿಕಟ್ಟೆಯಲ್ಲಿ ನಮ್ಮ ಬುತ್ತಿ ಬಿಚ್ಚಿ ಇಬ್ಬರೂ ತಿಂದೆವು.

ಕಂಪನಿ ಇನ್ನೂ ಒಂದು ತಿಂಗಳು ಇತ್ತು. ಆಮೇಲೆ ಯಂತ್ರಗಳನ್ನು ಲಾರಿಗೆ ಹೇರಿಕೊಂಡು ಹೊರಟಿತು. ಯಾರೂ ಕಲ್ಲು ಹೊಡೆಯಲಿಲ್ಲ, ಜೈಕಾರ ಹಾಕಲಿಲ್ಲ. ಮೊದಲ ನೀರು ಕೊಡದೆ ಬಿಟ್ಟಿ ಒಗೆಸಿಕೊಳ್ಳುವ ಜನರಿಂದ ಅವರಿಗೇನು ಪ್ರಯೋಜನ? ಶ್ರೀವತ್ಸ ಹೊರಡುವ ಮುಂಚೆ ಸಾಬರ ಅಂಗಡಿಯಲ್ಲಿ ಒಂದು ಕೊಡೆ ಕೊಂಡನಂತೆ. ಈಗ ಬೋರಲಿಂಗಪ್ಪನೂ ಸೇರಿದಂತೆ ಎಲ್ಲರೂ ಬಟ್ಟೆ ನಮಗೇ ಕೊಡುತ್ತಾರೆ. ಕೆಲವರು ಮೊದಲ ನೀರನ್ನು ತಾವೇ ಮನೆಯಲ್ಲಿ ಜಾಲಿಸಿ ಕೊಡುತ್ತಾರೆ. ಮೊದಮೊದಲು ನಮ್ಮ ಮುಖ ನೋಡಲು ಸಂಕೋಚ ಪಟ್ಟರು. ಒಳ್ಳೆಯದೇ ಆಯಿತು, ನಮಗೂ ಗಂಟಲು ಉಳಿಯಿತು ಅಂದೆ. ಟೀಚರು ಪ್ರತಿ ಶನಿವಾರ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಆ ದಪ್ಪ ಕಾಗದವನ್ನು ಗಟ್ಟಿಯಾಗಿ ಓದಿಸುತ್ತಾರೆ, ಎಲ್ಲಿ ನಿಂತು ನೋಡಬೇಕಿತ್ತು ಎಲ್ಲಿ ಎಡವಿದೆವು ಅಂತ.

ಕೆಂಪಯ್ಯ ವ್ಯಾನು ಬಿಟ್ಟ ಮೇಲೆ ಕಲ್ಲಿಗೆ ಬಂದ. ಅದಕ್ಕೂ ಮುಂಚೆ ಅವನು ಬಟ್ಟೆ ಹೊತ್ತು ತರುವುದು, ಉಬ್ಬೆ ಹಾಕುವುದು, ಇಸ್ತ್ರಿ ಮಾಡುವುದು. ನೀರಿನ ಕೆಲಸವೆಲ್ಲ ನನ್ನದೇ. ಈಗ ಬಟ್ಟೆ ಹೆಚ್ಚಾಗಿ ಅವನೂ ನೀರಿಗಿಳಿದ. ಒಂದು ದಿನ ನನಗೆ ಸೊಂಟ ಹಿಡಿದುಕೊಂಡು ಮನೆಯಲ್ಲೇ ಉಳಿದೆ. ಅವನು ಹೋದ ಮೇಲೆ ನೋಡುತ್ತೇನೆ, ಮೂಲೆಯಲ್ಲಿ ಸುತ್ತಿಟ್ಟಿದ್ದ ನನ್ನ ಹಸಿರು ಸೀರೆಯಿಲ್ಲ. ಗಂಟಿನ ಜೊತೆ ಅದನ್ನೂ ಕಟ್ಟಿಕೊಂಡು ಹೋಗಿದ್ದ. ನನ್ನ ಸೀರೆಯನ್ನು ಇಷ್ಟು ವರ್ಷ ನಾನಲ್ಲದೆ ಯಾರೂ ಒಗೆದಿರಲಿಲ್ಲ. ಮೂರು ದಿನ ಉಟ್ಟಿದ್ದೆ ಅದನ್ನು. ಅದರಲ್ಲಿ ಏನೇನು ಅಂದಿದ್ದೆ? ಒಲೆ ಊದುತ್ತ ಅವನ ಗೊರಕೆಯನ್ನು ಬೈದದ್ದು ನೆನಪಾಯಿತು. ಅವನ ತಂಗಿಯ ಬಗ್ಗೆ ಒಂದು ಮಾತು. ಕೂದಲು ನರೆತ ಮೇಲೆ ಅವನು ಚೆಂದ ಕಾಣುತ್ತಾನೆಂದು ಪಕ್ಕದ ಮನೆಯವಳಿಗೆ ಹೇಳಿದ್ದು, ಆಮೇಲೆ ಅವಳು ಹೋದ ಮೇಲೆ ನನಗೆ ನಾನೇ ಹೇಳಿಕೊಂಡ ಇನ್ನೊಂದು. ಸೊಂಟನೋವು ಮರೆತೇಹೋಯಿತು. ಇಡೀ ದಿನ ಒಳಗೂ ಹೊರಗೂ ಓಡಾಡಿದೆ.

ಸಂಜೆ ಬಂದ. ಸೀರೆಯನ್ನು ಮಡಿಸಿ ತಂದಿದ್ದ. ನನ್ನ ಕೈಗೆ ಕೊಟ್ಟು ಕಾಲು ತೊಳೆದು ಊಟಕ್ಕೆ ಕೂತ.

"ಒಣಗೋದು ತಡವಾಯ್ತು" ಅಂದ. "ದಪ್ಪ ನೂಲು."

"ಮತ್ತೇನಾದ್ರೂ?" ಅಂದೆ.

ಅವನು ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ. "ಅಂಚಿನಲ್ಲಿ ಅರಿಶಿನದ ಕಲೆ ಇತ್ತು. ಎಷ್ಟು ಉಜ್ಜಿದರೂ ಹೋಗ್ಲಿಲ್ಲ."

ನಾನು ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟೆ. ಬೇಡ ಅನ್ನಲಿಲ್ಲ.